ನಾಲ್ಕು ಹೇಳಿಕೆ, ಒಂದು ನೇಣು: ತಪ್ಪೊಪ್ಪಿಗೆಯ ತೂಕವೆಷ್ಟು?

ಸರಳ ಲೋಲಕದ ಪ್ರಯೋಗವನ್ನು ಮಾಡಿಸದ ವಿಜ್ಞಾನ ಶಿಕ್ಷಕರು ಇರಲಾರರು. ದಾರದ ಉದ್ದವನ್ನು ಅಳೆದು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಗುರುತಿಸಿ, ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಬೇಕು. ತರಗತಿಯಲ್ಲಿ ಉಳಿದವರಿಗೆಲ್ಲ 9.5, 9.6, 10.1 ಎಂದು ಬಂದಿರುವಾಗ ಒಬ್ಬ ಹುಡುಗ ಮಾತ್ರ 9.80 ಎಂದು ಬರೆದು ತರುತ್ತಾನೆ. ಉತ್ತರ ಸರಿಯಾಗಿದೆ. ಆದರೂ ನೀವು ಅವನ ರೆಕಾರ್ಡ್ ಪುಸ್ತಕದ ಹಾಳೆ ತಿರುವಿ, "ವಾಚನಗಳ ಕೋಷ್ಟಕ ಎಲ್ಲಪ್ಪಾ?" ಎಂದು ಕೇಳುತ್ತೀರಿ. ಆ ಸಂಖ್ಯೆ ಲೋಲಕದಿಂದ ಬಂದದ್ದೋ, ಪಠ್ಯಪುಸ್ತಕದಿಂದ ಬಂದದ್ದೋ ಎಂಬುದು ನಿಮ್ಮ ಅನುಮಾನ. ಪುಸ್ತಕದಿಂದ ಬಂದಿದ್ದರೆ ಆ ಉತ್ತರ ಎಷ್ಟೇ ಸರಿಯಾಗಿದ್ದರೂ ಲೋಲಕದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಇದೇ ಪ್ರಶ್ನೆಯನ್ನು ಒಂದು ಕೊಲೆ ಮೊಕದ್ದಮೆಯಲ್ಲಿ ಕೇಳಬೇಕಾದವರು ಸರಿಯಾಗಿ ಕೇಳಲಿಲ್ಲ. ಪರಿಣಾಮವಾಗಿ 1950ರ ಮಾರ್ಚ್ 9ರಂದು ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆಯಲ್ಲಿ ಟಿಮೊಥಿ ಎವಾನ್ಸ್ ಎಂಬ 25 ವರ್ಷದ ಯುವಕನನ್ನು ಗಲ್ಲಿಗೇರಿಸಲಾಯಿತು. ಮೂರು ವರ್ಷಗಳ ನಂತರ ಅವನ ವಿರುದ್ಧ ಸಾಕ್ಷಿ ಹೇಳಿದ್ದವನೇ ಸರಣಿ ಕೊಲೆಗಾರನೆಂದು ಗೊತ್ತಾಯಿತು. ಈ ಮೊಕದ್ದಮೆಯ ತೀರ್ಪನ್ನೂ ಅದರ ಮೇಲೆ ನಡೆದ ಎರಡು ವಿಚಾರಣೆಗಳನ್ನೂ ವಿಜ್ಞಾನದ ವಿದ್ಯಾರ್ಥಿಯ ಕಣ್ಣಿನಿಂದ ವಿಮರ್ಶಿಸುವುದು ಈ ಲೇಖನದ ಉದ್ದೇಶ. ಕಾನೂನಿನ ಸೂಕ್ಷ್ಮಗಳನ್ನು ವಕೀಲರಿಗೆ ಬಿಡೋಣ. ಪುರಾವೆಯನ್ನು ತೂಗುವ ವಿಧಾನ ಮಾತ್ರ ನಮಗೂ ಸಂಬಂಧಪಟ್ಟದ್ದು.

ನಡೆದದ್ದೇನು?

ಲಂಡನ್ನಿನ ನಾಟಿಂಗ್ ಹಿಲ್ ಪ್ರದೇಶದಲ್ಲಿ ರಿಲಿಂಗ್ಟನ್ ಪ್ಲೇಸ್ ಎಂಬ ಚಿಕ್ಕ ಬೀದಿಯಿತ್ತು. ಅದರ 10ನೇ ನಂಬರಿನ ಮನೆಯ ಕೆಳಗಿನ ಅಂತಸ್ತಿನಲ್ಲಿ ಜಾನ್ ಕ್ರಿಸ್ಟಿ ಎಂಬ ನಡುವಯಸ್ಸಿನವನು ಹೆಂಡತಿಯೊಡನೆ ವಾಸವಾಗಿದ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನು ಮೀಸಲು ಪೊಲೀಸ್ ಪೇದೆಯಾಗಿದ್ದವನು. 1948ರಲ್ಲಿ ಮೇಲಿನ ಅಂತಸ್ತಿಗೆ ಬಾಡಿಗೆಗೆ ಬಂದವರು ಎವಾನ್ಸ್ ಮತ್ತು ಅವನ ಹೆಂಡತಿ ಬೆರಿಲ್. ಎವಾನ್ಸ್ ವೇಲ್ಸ್‌ನ ಗಣಿ ಸೀಮೆಯವನು. ವ್ಯಾನ್ ಓಡಿಸಿ ಜೀವನ ಮಾಡುತ್ತಿದ್ದ. ಬಾಲ್ಯದಲ್ಲಿ ಕಾಲಿನ ಕಾಯಿಲೆಯಿಂದ ಶಾಲೆ ತಪ್ಪಿಹೋಗಿ ಅವನಿಗೆ ಓದುಬರಹ ಹೆಚ್ಚು ಕಡಿಮೆ ಬರುತ್ತಿರಲಿಲ್ಲ. 1948ರ ಅಕ್ಟೋಬರಿನಲ್ಲಿ ಜೆರಾಲ್ಡೀನ್ ಎಂಬ ಮಗಳು ಹುಟ್ಟಿದಳು. ಸಂಪಾದನೆ ಸಾಲದೆ ಸಾಲವಾಗಿ, ಗಂಡಹೆಂಡಿರ ನಡುವೆ ಜಗಳ ನಡೆಯುತ್ತಿತ್ತು. ಅಷ್ಟರಲ್ಲಿ ಬೆರಿಲ್ ಮತ್ತೆ ಗರ್ಭಿಣಿಯಾದಳು. ಆಗ ಇಂಗ್ಲೆಂಡಿನಲ್ಲಿ ಗರ್ಭಪಾತ ಮಾಡಿಸಿಕೊಳ್ಳುವುದು ಅಪರಾಧವಾಗಿತ್ತು ಎಂಬುದನ್ನು ನೆನಪಿನಲ್ಲಿಡಿ.

1949ರ ನವೆಂಬರ್ 8ರ ನಂತರ ಬೆರಿಲ್‌ಳನ್ನು ಯಾರೂ ಜೀವಂತ ಕಾಣಲಿಲ್ಲ. ಎವಾನ್ಸ್ ಮನೆಯ ಪೀಠೋಪಕರಣಗಳನ್ನು ಮಾರಿ, ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಲ್ಲಿದ್ದ ಬಂಧುಗಳ ಮನೆಗೆ ಹೋದ. ಹೆಂಡತಿ ಮಗುವಿನ ಬಗ್ಗೆ ಅವನು ಅಲ್ಲಿ ಹೇಳಿದ್ದೆಲ್ಲ ಸುಳ್ಳು. ಸುಳ್ಳು ಬಯಲಾಗುವ ಹೊತ್ತಿಗೆ, ನವೆಂಬರ್ 30ರಂದು, ಅವನೇ ಅಲ್ಲಿನ ಪೊಲೀಸ್ ಠಾಣೆಗೆ ನಡೆದುಕೊಂಡು ಹೋದ.

ನಾಲ್ಕು ಹೇಳಿಕೆಗಳು

ಅಲ್ಲಿಂದ ಮುಂದಿನ ಮೂರು ದಿನಗಳಲ್ಲಿ ಎವಾನ್ಸ್ ಮುಖ್ಯವಾಗಿ ನಾಲ್ಕು ಹೇಳಿಕೆಗಳನ್ನು ಕೊಟ್ಟ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ದಾರಿಯಲ್ಲಿ ಸಿಕ್ಕ ಅಪರಿಚಿತನೊಬ್ಬ ಗರ್ಭ ಇಳಿಸಲು ಒಂದು ಸೀಸೆ ಔಷಧಿ ಕೊಟ್ಟ, ಬೆರಿಲ್ ಅದನ್ನು ಕುಡಿದು ಸತ್ತಳು, ಹೆಣವನ್ನು ತಾನೇ ಮನೆಯ ಮುಂದಿನ ಚರಂಡಿಯೊಳಕ್ಕೆ ಇಳಿಸಿದೆ. ಲಂಡನ್ನಿನ ಪೊಲೀಸರು ಹೋಗಿ ನೋಡಿದರು. ಚರಂಡಿಯ ಮುಚ್ಚಳವನ್ನು ಎತ್ತಲು ಮೂವರು ಬೇಕಾಯಿತು. ಒಳಗೆ ಏನೂ ಇರಲಿಲ್ಲ.

ಎರಡನೆಯದು, ಅದೇ ರಾತ್ರಿ: ಚರಂಡಿಯ ಕಥೆಯನ್ನು ಕ್ರಿಸ್ಟಿಯನ್ನು ಉಳಿಸಲು ಕಟ್ಟಿದೆ. ಗರ್ಭಪಾತ ಮಾಡಿಸುವುದಾಗಿ ಹೇಳಿದವನು ಕ್ರಿಸ್ಟಿ. ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಬೆರಿಲ್ ಸತ್ತಿದ್ದಳು. ಹೆಣವನ್ನು ತಾನು ವಿಲೇವಾರಿ ಮಾಡುತ್ತೇನೆ, ಮಗುವನ್ನು ಸಾಕಲು ಗೊತ್ತಿದ್ದ ದಂಪತಿಗಳಿಗೆ ಕೊಡಿಸುತ್ತೇನೆ ಎಂದು ಕ್ರಿಸ್ಟಿ ಹೇಳಿದ.

ಡಿಸೆಂಬರ್ 2ರಂದು ಪೊಲೀಸರು ಮನೆಯ ಹಿತ್ತಿಲಿನಲ್ಲಿದ್ದ ಬಟ್ಟೆ ಒಗೆಯುವ ಚಿಕ್ಕ ಕೊಠಡಿಯನ್ನು ಶೋಧಿಸಿದಾಗ ಮರದ ತುಂಡುಗಳ ಮರೆಯಲ್ಲಿ ಬೆರಿಲ್ ಮತ್ತು ಜೆರಾಲ್ಡೀನ್ ಇಬ್ಬರ ಹೆಣಗಳೂ ಸಿಕ್ಕವು. ಇಬ್ಬರನ್ನೂ ಕತ್ತು ಬಿಗಿದು ಕೊಲ್ಲಲಾಗಿತ್ತು. ಮಗುವಿನ ಕೊರಳಿನಲ್ಲಿ ಟೈ ಇನ್ನೂ ಇತ್ತು. ಅಂದು ರಾತ್ರಿ ಎವಾನ್ಸ್‌ನನ್ನು ಲಂಡನ್ನಿಗೆ ಕರೆತಂದು, ಹೆಂಡತಿ ಮಗುವಿನ ಬಟ್ಟೆಗಳನ್ನೂ ಆ ಟೈಯನ್ನೂ ಅವನ ಮುಂದಿಟ್ಟು, ಹೆಣಗಳು ಸಿಕ್ಕ ಜಾಗವನ್ನೂ ಸಾವಿನ ಕಾರಣವನ್ನೂ ಹೇಳಿ, ಇದಕ್ಕೆ ನೀನೇ ಹೊಣೆಯೆಂದು ನಂಬಲು ಕಾರಣವಿದೆ ಎಂದರು. ಅವನು ಹೌದು ಎಂದ. ಆಗ ಬರೆದುಕೊಂಡದ್ದು ಮೂರನೆಯ, ಬಹಳ ಚಿಕ್ಕ ಹೇಳಿಕೆ. ಅದರ ಬೆನ್ನಿಗೇ ನಾಲ್ಕನೆಯ, ದೀರ್ಘ ಹೇಳಿಕೆ: ಸಾಲದ ಜಗಳದಲ್ಲಿ ಬೆರಿಲ್‌ಳನ್ನು ಹಗ್ಗದಿಂದ ಕೊಂದೆ, ಎರಡು ದಿನಗಳ ನಂತರ ಮಗುವನ್ನು ಟೈಯಿಂದ ಕೊಂದೆ, ಇಬ್ಬರನ್ನೂ ಹಿತ್ತಿಲ ಕೊಠಡಿಯಲ್ಲಿ ಬಚ್ಚಿಟ್ಟೆ.

1950ರ ಜನವರಿಯಲ್ಲಿ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಮೂರು ದಿನ ವಿಚಾರಣೆ ನಡೆಯಿತು. ಆರೋಪ ಮಗುವಿನ ಕೊಲೆಯದು ಮಾತ್ರ. ಆದರೆ ಬೆರಿಲ್‌ಳ ಸಾವಿನ ಪುರಾವೆಯೂ ತೀರ್ಪುಗಾರರ ಮುಂದೆ ಬಂತು. ಎವಾನ್ಸ್ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡು, ಕೊಲೆ ಮಾಡಿದವನು ಕ್ರಿಸ್ಟಿ ಎಂದ. ಮಗುವೂ ಸತ್ತಿತೆಂದು ತಿಳಿದು ಕುಸಿದುಹೋಗಿದ್ದೆ, ಪೊಲೀಸರು ಹೊಡೆದಾರೆಂಬ ಹೆದರಿಕೆಯೂ ಇತ್ತು ಎಂಬುದು ಅವನ ವಿವರಣೆ. ತೀರ್ಪುಗಾರರು 40 ನಿಮಿಷಗಳಲ್ಲಿ ಅವನನ್ನು ಅಪರಾಧಿ ಎಂದರು.

ಹೊಸದೇನು ತಿಳಿಯಿತು?

ಈಗ ಶಿಕ್ಷಕರ ಪ್ರಶ್ನೆಗೆ ಬರೋಣ. ಒಂದು ಹೇಳಿಕೆಯಲ್ಲಿರುವ ಸಂಗತಿ ಹೇಳಿದವನ ನೆನಪಿನಿಂದ ಬಂದದ್ದೋ, ಕೇಳಿದವರಿಂದ ಬಂದದ್ದೋ ಎಂದು ತಿಳಿಯುವುದು ಹೇಗೆ? ಒಂದು ಸುಲಭ ಪರೀಕ್ಷೆಯಿದೆ. ಆ ಹೇಳಿಕೆಯಿಂದ ಪೊಲೀಸರಿಗೆ ಅದುವರೆಗೆ ಗೊತ್ತಿಲ್ಲದ, ಆಮೇಲೆ ಹೋಗಿ ನೋಡಿದಾಗ ನಿಜವೆಂದು ಕಂಡುಬಂದ ಸಂಗತಿ ಯಾವುದಾದರೂ ಸಿಕ್ಕಿತೇ ಎಂದು ನೋಡುವುದು.

ಈ ಪರೀಕ್ಷೆಯಲ್ಲಿ ನಾಲ್ಕು ಹೇಳಿಕೆಗಳೂ ಏನಾಗುತ್ತವೆ ನೋಡಿ. ಮೊದಲ ಹೇಳಿಕೆ ಪರೀಕ್ಷಿಸಬಹುದಾದ ಒಂದು ಜಾಗವನ್ನು ಹೇಳಿತು, ಪರೀಕ್ಷಿಸಿದಾಗ ಸುಳ್ಳಾಯಿತು. ಹೆಣ ಎಲ್ಲಿದೆ ಎಂಬುದು ಎವಾನ್ಸ್‌ಗೆ ಗೊತ್ತಿರಲಿಲ್ಲ ಎಂಬ ಊಹೆಗೆ ಇದು ಸ್ವಲ್ಪ ಬಲ ಕೊಡುತ್ತದೆ. ಎರಡನೆಯ ಹೇಳಿಕೆ ಕ್ರಿಸ್ಟಿಯ ಕಡೆಗೆ ಬೊಟ್ಟು ಮಾಡಿತು. ಆ ದಾರಿಯಲ್ಲಿ ಆಳವಾದ ಶೋಧವೇ ನಡೆಯಲಿಲ್ಲ. ಹಿತ್ತಿಲ ಕೊಠಡಿಯ ಹೆಸರು ಈ ಎರಡರಲ್ಲೂ ಇಲ್ಲ. ಆ ಕೊಠಡಿ ಎವಾನ್ಸ್‌ನ ಬಾಯಿಗೆ ಬಂದದ್ದು ಪೊಲೀಸರು ಅದನ್ನು ತೆರೆದು ನೋಡಿ, ಅವನಿಗೆ ತಿಳಿಸಿದ ಮೇಲೆ. ಕತ್ತು ಬಿಗಿದದ್ದು, ಟೈ, ಎರಡು ಹೆಣ ಎಂಬ ಮುಖ್ಯ ಸಂಗತಿಗಳ ಕಥೆಯೂ ಅಷ್ಟೆ. ಅಂದರೆ ಗಲ್ಲಿಗೇರಿಸಿದ ಹೇಳಿಕೆಯ ತಿರುಳಿನಲ್ಲಿ ಠಾಣೆಯವರಿಗೆ ಮೊದಲೇ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಇದಕ್ಕೆ ಆಕ್ಷೇಪವೂ ಉಂಟು. ಆ ದೀರ್ಘ ಹೇಳಿಕೆಯಲ್ಲಿ ಹೆಣಗಳನ್ನು ಬಚ್ಚಿಟ್ಟ ರೀತಿಯ ಬಗ್ಗೆ ಕೆಲವು ಸಣ್ಣ ವಿವರಗಳಿವೆ, ಅವನ್ನು ಪೊಲೀಸರು ಹೇಳಿಕೊಟ್ಟಿರಲಿಲ್ಲ ಎಂದು ಪ್ರಾಸಿಕ್ಯೂಷನ್ ಪರ ವಾದಿಸುವವರು ಹೇಳುತ್ತಾರೆ. ಇರಬಹುದು. ಆದರೆ ಆ ರಾತ್ರಿ ಠಾಣೆಯಲ್ಲಿ ಯಾವ ಪ್ರಶ್ನೆ ಕೇಳಲಾಯಿತು, ಯಾವ ಮಾತಿನ ನಂತರ ಯಾವ ಮಾತು ಬಂತು ಎಂಬುದರ ಧ್ವನಿಮುದ್ರಣವಿಲ್ಲ. ಓದಲು ಬಾರದವನ ಮಾತನ್ನು ಪೊಲೀಸರು ಬರೆದುಕೊಂಡರು, ಅವನು ಸಹಿ ಹಾಕಿದ. ಅಂತಿಮ ಉತ್ತರವಿದೆ, ವಾಚನಗಳ ಕೋಷ್ಟಕವಿಲ್ಲ. ಹೀಗಿರುವಾಗ ಆ ವಿವರಗಳು ಅವನ ನೆನಪಿನಿಂದಲೇ ಬಂದವು ಎಂದು ಖಚಿತವಾಗಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಅನುಮಾನದ ಲಾಭ ಆರೋಪಿಗೆ ಸಲ್ಲಬೇಕೆಂಬುದು ಆ ದೇಶದ ಕಾನೂನೂ ಹೌದು.

ಕಣ್ಣೆದುರಿದ್ದೂ ಕಾಣದ ಪುರಾವೆ

ತಪ್ಪೊಪ್ಪಿಗೆಯ ಇನ್ನೊಂದು ಅಪಾಯವೆಂದರೆ ಅದು ಉಳಿದ ಪುರಾವೆಗಳ ಹುಡುಕಾಟವನ್ನು ನಿಲ್ಲಿಸಿಬಿಡುತ್ತದೆ. ಉತ್ತರ ಸಿಕ್ಕಿತೆಂದು ಒಮ್ಮೆ ನಂಬಿದರೆ, ಹೊಂದದ ವಾಚನಗಳನ್ನು "ಏನೋ ತಪ್ಪಾಗಿರಬೇಕು" ಎಂದು ಹೊಡೆದುಹಾಕುವ ಚಪಲ ನಮ್ಮ ವಿದ್ಯಾರ್ಥಿಗಳಿಗೂ ಗೊತ್ತು.

ನವೆಂಬರ್ ಮೊದಲ ವಾರಗಳಲ್ಲಿ ಆ ಮನೆಯಲ್ಲಿ ರಿಪೇರಿ ನಡೆಯುತ್ತಿತ್ತು. ಕೆಲಸಗಾರರು ತಮ್ಮ ಸಾಮಾನುಗಳನ್ನು ಅದೇ ಹಿತ್ತಿಲ ಕೊಠಡಿಯಲ್ಲಿಡುತ್ತಿದ್ದರು. ಎವಾನ್ಸ್ ಹೆಣಗಳನ್ನು ಅಲ್ಲಿಟ್ಟನೆನ್ನಲಾದ ದಿನಗಳ ನಂತರವೂ ತಾವು ಅಲ್ಲಿ ಏನನ್ನೂ ಕಾಣಲಿಲ್ಲವೆಂದು ಅವರು ಹೇಳಿದರು. ಪೊಲೀಸರು ಮತ್ತೆ ಕರೆಸಿ ವಿಚಾರಿಸಿದ ಮೇಲೆ ಆ ಮಾತು ಮೊದಲಿನಷ್ಟು ಖಚಿತವಾಗಿ ಉಳಿಯಲಿಲ್ಲ. ತೀರ್ಪುಗಾರರ ಮುಂದೆ ಅದು ಬರಲೂ ಇಲ್ಲ. ಇಲ್ಲಿ ಪ್ರಯೋಗದ ವಾಚನಕ್ಕೆ ತಕ್ಕಂತೆ ಸಿದ್ಧಾಂತವನ್ನು ತಿದ್ದುವ ಬದಲು ಸಿದ್ಧಾಂತಕ್ಕೆ ತಕ್ಕಂತೆ ವಾಚನವನ್ನು ತಿದ್ದಿದಂತಾಯಿತು.

ಮರಣೋತ್ತರ ಪರೀಕ್ಷೆಯಲ್ಲಿ ಬೆರಿಲ್‌ಳ ಮೇಲೆ ಲೈಂಗಿಕ ಹಲ್ಲೆ ನಡೆದಿರಬಹುದೆಂಬುದಕ್ಕೆ ಕುರುಹು ಕಂಡಿತ್ತು. ಆದರೂ ಅಗತ್ಯವಾದ ಸ್ರಾವದ ಮಾದರಿಯನ್ನು ತೆಗೆಯಲಿಲ್ಲ. ಇನ್ನೊಂದು ಸಂಗತಿಯಂತೂ ನಂಬಲು ಕಷ್ಟ. ಆ ಚಿಕ್ಕ ಹಿತ್ತಿಲಿನ ಮಣ್ಣಿನಡಿಯಲ್ಲಿ ಅದಕ್ಕೂ ಹಿಂದಿನ ಇಬ್ಬರು ಮಹಿಳೆಯರ ಅಸ್ಥಿಪಂಜರಗಳಿದ್ದವು. ಮನುಷ್ಯನ ತೊಡೆಮೂಳೆಯೊಂದು ಬಳ್ಳಿಯ ತಡಿಕೆಗೆ ಊರುಗೋಲಾಗಿ ನಿಂತಿತ್ತು. ಶೋಧಿಸಲು ಬಂದವರ ಕಣ್ಣಿಗೆ ಅದು ಬೀಳಲಿಲ್ಲ.

ನ್ಯಾಯಾಲಯದಲ್ಲಿ ಕ್ರಿಸ್ಟಿ ಪ್ರಾಸಿಕ್ಯೂಷನ್ನಿನ ಮುಖ್ಯ ಸಾಕ್ಷಿ. ಅವನಿಗೆ ಹಿಂದೆ ಶಿಕ್ಷೆಗಳಾಗಿದ್ದ ವಿಷಯ ಪ್ರಸ್ತಾಪಕ್ಕೆ ಬಂದರೂ, ಸಮಾಧಾನದಿಂದ ಮಾತನಾಡುವ ಮಾಜಿ ಪೇದೆಯ ಮಾತು ಸುಳ್ಳುಗಾರನೆಂದು ಹೆಸರಾದ ಚಾಲಕನ ಮಾತಿಗಿಂತ ಹೆಚ್ಚು ತೂಗಿತು. ಕ್ರಿಸ್ಟಿ ನಿನ್ನ ಹೆಂಡತಿಯನ್ನು ಏಕೆ ಕೊಲ್ಲಬೇಕು ಎಂದು ಕೇಳಿದಾಗ ಎವಾನ್ಸ್‌ಗೆ ಉತ್ತರ ಹೊಳೆಯಲಿಲ್ಲ. ಕಾರಣ ಗೊತ್ತಿಲ್ಲದ ಮಾತ್ರಕ್ಕೆ ಘಟನೆ ನಡೆದಿಲ್ಲವೆಂದು ಹೇಳಲಾಗುವುದಿಲ್ಲ ಎಂಬುದು ವಿಜ್ಞಾನದ ಮೊದಲ ಪಾಠಗಳಲ್ಲೊಂದು. ಆ ಪಾಠ ಅಂದು ಯಾರಿಗೂ ನೆನಪಾಗಲಿಲ್ಲ.

ಇನ್ನೊಬ್ಬನ ತಪ್ಪೊಪ್ಪಿಗೆ

1953ರ ಮಾರ್ಚ್ 24ರಂದು, ಕ್ರಿಸ್ಟಿ ಮನೆ ಬಿಟ್ಟುಹೋದ ಮೇಲೆ, ಅವನ ಅಡುಗೆಮನೆಯ ಗೋಡೆಯ ಹಿಂದಿನ ಗೂಡಿನಲ್ಲಿ ಮೂವರು ಮಹಿಳೆಯರ ಹೆಣಗಳು ಸಿಕ್ಕವು. ನೆಲದ ಹಲಗೆಯ ಕೆಳಗೆ ಅವನ ಹೆಂಡತಿಯ ಹೆಣ, ಹಿತ್ತಿಲಿನಲ್ಲಿ ಆ ಎರಡು ಅಸ್ಥಿಪಂಜರಗಳು. ಸಿಕ್ಕಿಬಿದ್ದ ಕ್ರಿಸ್ಟಿ ಬೆರಿಲ್‌ಳನ್ನು ಕೊಂದವನೂ ತಾನೇ ಎಂದ. ಮಗುವನ್ನು ಕೊಂದದ್ದನ್ನು ಮಾತ್ರ ಒಪ್ಪಲಿಲ್ಲ. ಅದೇ ವರ್ಷ ಜುಲೈ 15ರಂದು ಅವನನ್ನೂ ಪೆಂಟನ್‌ವಿಲ್‌ನಲ್ಲಿಯೇ ಗಲ್ಲಿಗೇರಿಸಲಾಯಿತು.

ಕಥೆ ಇಲ್ಲಿಗೆ ಮುಗಿಯಿತು, ಎವಾನ್ಸ್ ನಿರ್ದೋಷಿ ಎಂದು ಸಾಬೀತಾಯಿತು ಎಂದು ನಿಮಗನ್ನಿಸಬಹುದು. ಸ್ವಲ್ಪ ತಾಳಿ. ಎವಾನ್ಸ್‌ನ ತಪ್ಪೊಪ್ಪಿಗೆಗೆ ಹಿಡಿದ ತಕ್ಕಡಿಯನ್ನೇ ಕ್ರಿಸ್ಟಿಯ ತಪ್ಪೊಪ್ಪಿಗೆಗೂ ಹಿಡಿಯಬೇಡವೇ? ನಮಗೆ ಬೇಕಾದ ಉತ್ತರ ಬಂತೆಂದು ಪರೀಕ್ಷೆಯನ್ನು ಸಡಿಲಿಸಿದರೆ 1950ರ ತೀರ್ಪುಗಾರರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಕ್ರಿಸ್ಟಿ ತಾನು ಬೆರಿಲ್‌ಳ ಮೇಲೆ ಅಡುಗೆ ಅನಿಲವನ್ನು ಬಳಸಿದೆನೆಂದ. ಅಂದಿನ ಅನಿಲ ಕಲ್ಲಿದ್ದಲಿನಿಂದ ತಯಾರಾಗುತ್ತಿದ್ದು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತಿತ್ತು. ಅದು ರಕ್ತದ ಹಿಮೊಗ್ಲೋಬಿನ್‌ನೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಸೇರಿಕೊಂಡು ಕಾರ್ಬಾಕ್ಸಿಹಿಮೊಗ್ಲೋಬಿನ್ ಆಗುತ್ತದೆ; ರಕ್ತಕ್ಕೆ ಎದ್ದುಕಾಣುವ ಕೆಂಪು ಬಣ್ಣ ಬರುತ್ತದೆ. ಅಡುಗೆಮನೆಯ ಗೂಡಿನಲ್ಲಿ ಸಿಕ್ಕ ಮೂವರ ರಕ್ತದಲ್ಲಿ ಇದು ಪತ್ತೆಯಾಗಿತ್ತು. 1953ರ ಮೇ ತಿಂಗಳಲ್ಲಿ ಬೆರಿಲ್‌ಳ ಹೆಣವನ್ನು ಗೋರಿಯಿಂದ ಹೊರತೆಗೆದು ಪರೀಕ್ಷಿಸಿದಾಗ ಅದರ ಗುರುತು ಸಿಗಲಿಲ್ಲ. ಕ್ರಿಸ್ಟಿಗೆ ಹೆಚ್ಚು ಕೊಲೆಗಳನ್ನು ಒಪ್ಪಿಕೊಳ್ಳುವುದರಿಂದ ಲಾಭವೂ ಇತ್ತು. ತನಗೆ ಬುದ್ಧಿಭ್ರಮಣೆ ಎಂಬುದೇ ಅವನ ವಾದವಾಗಿದ್ದುದರಿಂದ ಕೊಲೆಗಳ ಸಂಖ್ಯೆ ಹೆಚ್ಚಿದಷ್ಟೂ ವಾದಕ್ಕೆ ಪುಷ್ಟಿ. ಆದ್ದರಿಂದ ಅವನ ಮಾತನ್ನೂ ಹಾಗೆಯೇ ನುಂಗುವಂತಿಲ್ಲ.

ಹಾಗಾದರೆ ಎವಾನ್ಸ್‌ನ ಪರವಾಗಿ ಉಳಿಯುವುದೇನು? ಕ್ರಿಸ್ಟಿ ಹೇಳಿದ ಮಾತುಗಳಿಗಿಂತ ಅವನ ಮನೆಯಲ್ಲಿ ಸಿಕ್ಕ ವಸ್ತುಗಳು. ಅದೇ ಮನೆ, ಅದೇ ಹಿತ್ತಿಲು, ಕತ್ತು ಬಿಗಿಯುವ ಅದೇ ವಿಧಾನ, ಹೆಣ ಅಡಗಿಸುವ ಅದೇ ಅಭ್ಯಾಸ. ಇವು ಯಾರ ಬಾಯಿಮಾತನ್ನೂ ಅವಲಂಬಿಸದ ಪುರಾವೆಗಳು. 1949ರಲ್ಲಿ ಎವಾನ್ಸ್ ಬೊಟ್ಟು ಮಾಡಿದ್ದು ಈ ಮನುಷ್ಯನ ಕಡೆಗೇ ಎಂಬುದನ್ನು ಸೇರಿಸಿಕೊಳ್ಳಿ. ಪೊಲೀಸರಿಗೆ ಆಗ ಗೊತ್ತಿಲ್ಲದ, ಆಮೇಲೆ ವಸ್ತುಗಳಿಂದಲೇ ಬಲ ಪಡೆದ ಸಂಗತಿ ನಾಲ್ಕು ಹೇಳಿಕೆಗಳಲ್ಲಿ ಅದೊಂದೇ.

ಎರಡು ವರದಿ, ಒಂದು ಪುಸ್ತಕ

ಕ್ರಿಸ್ಟಿಯನ್ನು ಗಲ್ಲಿಗೇರಿಸುವ ಮೊದಲೇ ಸ್ಕಾಟ್ ಹೆಂಡರ್ಸನ್ ಅವರ ನೇತೃತ್ವದಲ್ಲಿ ತರಾತುರಿಯ ವಿಚಾರಣೆ ನಡೆಯಿತು. ಇಬ್ಬರನ್ನೂ ಕೊಂದವನು ಎವಾನ್ಸನೇ ಎಂದು ಆ ವರದಿ ಹೇಳಿತು. ಅಂದರೆ ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದಂತೆ, ಇಬ್ಬರು ಕತ್ತು ಬಿಗಿಯುವ ಕೊಲೆಗಾರರು ಇದ್ದರು ಎಂದಾಯಿತು.

1961ರಲ್ಲಿ ಪತ್ರಕರ್ತ ಲೂಡೊವಿಕ್ ಕೆನೆಡಿ ಅವರು ಈ ಪ್ರಕರಣದ ಬಗ್ಗೆ 'ಟೆನ್ ರಿಲಿಂಗ್ಟನ್ ಪ್ಲೇಸ್' ಎಂಬ ಪುಸ್ತಕವನ್ನು ಪ್ರಕಟಿಸಿದರು. ಹತ್ತು ವರ್ಷಗಳ ನಂತರ ಅದು ಚಲನಚಿತ್ರವೂ ಆಯಿತು. ಹೇಳಿಕೆಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವ ಮಾತು ಎಲ್ಲಿಂದ ಬಂದಿರಬಹುದೆಂದು ಅವರು ಶೋಧಿಸಿದ ರೀತಿ ಇಂದಿಗೂ ಮಾದರಿ. ಆದರೆ ಅವರು ವಕೀಲರಂತೆ ಬರೆಯುತ್ತಾರೆ. ಎವಾನ್ಸ್‌ಗೆ ಅನುಕೂಲವಾದ ಕಡೆ ಕ್ರಿಸ್ಟಿಯ ಮಾತಿಗೆ ಕಿವಿಗೊಡುತ್ತಾರೆ. "ಇಬ್ಬರು ಕೊಲೆಗಾರರು ಒಂದೇ ಮನೆಯಲ್ಲಿ ಸೇರುವುದು ಅಸಂಭವ" ಎಂಬ ಅವರ ಕಡೆಯ ವಾದಕ್ಕೆ ಬಲವಿದೆ. ಆದರೆ ಅಸಂಭವವಾದದ್ದು ಅಸಾಧ್ಯವಲ್ಲ. ಮನೆಯೊಳಗಿನ ಕೊಲೆಗಳಲ್ಲಿ ಗಂಡನೇ ಕೊಲೆಗಾರನಾಗಿರುವುದು ವಿರಳವೇನಲ್ಲ. ಹಾಗಾಗಿ ಈ ವಾದ ಒಂಟಿಯಾಗಿ ನಿಲ್ಲಲಾರದು. ಹಿತ್ತಿಲ ಕೊಠಡಿಯ ಮತ್ತು ಹೇಳಿಕೆಗಳ ಪುರಾವೆಯ ಜೊತೆಯಲ್ಲಿ ಮಾತ್ರ ನಿಲ್ಲುತ್ತದೆ.

1965–66ರಲ್ಲಿ ನ್ಯಾಯಾಧೀಶ ಬ್ರೇಬಿನ್ ಅವರು ಇನ್ನೊಂದು ವಿಚಾರಣೆ ನಡೆಸಿದರು. ಅವರ ತೀರ್ಮಾನ ಬಹಳ ವಿಚಿತ್ರ. ಎವಾನ್ಸ್ ಬಹುಶಃ ಬೆರಿಲ್‌ಳನ್ನು ಕೊಂದಿರಬೇಕು, ಆದರೆ ಮಗುವನ್ನು ಬಹುಶಃ ಕೊಂದಿರಲಾರ ಎಂದು. ಎವಾನ್ಸ್‌ನನ್ನು ನೇಣಿಗೇರಿಸಿದ್ದು ಮಗುವಿನ ಕೊಲೆಗಾಗಿಯೇ ಆದ್ದರಿಂದ 1966ರ ಅಕ್ಟೋಬರಿನಲ್ಲಿ ಅವನಿಗೆ ಮರಣೋತ್ತರ ಕ್ಷಮಾದಾನ ದೊರೆಯಿತು. ವರದಿಯ ಫಲ ಒಳ್ಳೆಯದೇ ಆಯಿತು. ತರ್ಕ ಮಾತ್ರ ದುರ್ಬಲ. ತಪ್ಪೊಪ್ಪಿಗೆಯ ಅರ್ಧವನ್ನು ಸುಳ್ಳೆಂದು ತಳ್ಳಿದ ಮೇಲೆ, ಅದೇ ಗಳಿಗೆಯಲ್ಲಿ ಅದೇ ಬಾಯಿಂದ ಬಂದ ಇನ್ನರ್ಧವನ್ನು ನಂಬಲು ಬೇರೆ ಸ್ವತಂತ್ರ ಪುರಾವೆ ಬೇಕಾಗುತ್ತದೆ. ಎವಾನ್ಸ್‌ನ ಸುಳ್ಳುಗಳು ಮತ್ತು ಜಗಳಗಳು ಅಂಥ ಪುರಾವೆಯಲ್ಲ. ಹೆದರಿದ ನಿರ್ದೋಷಿಯೂ ಸುಳ್ಳು ಹೇಳುತ್ತಾನೆ.

2003ರಲ್ಲಿ ಅವನ ಸಹೋದರಿಯರಿಗೆ ಪರಿಹಾರ ಮಂಜೂರು ಮಾಡಿದ ಸ್ವತಂತ್ರ ತಜ್ಞರು ಬೆರಿಲ್‌ಳ ಕೊಲೆಯಲ್ಲಿಯೂ ಎವಾನ್ಸ್‌ನ ವಿರುದ್ಧ ಪುರಾವೆಯಿಲ್ಲವೆಂದರು. 2004ರಲ್ಲಿ ಹೈಕೋರ್ಟ್ ಕೂಡ ಅವನು ಇಬ್ಬರನ್ನೂ ಕೊಂದಿಲ್ಲವೆಂಬುದನ್ನು ಒಪ್ಪಿತು. ಆದರೆ ಹಳೆಯ ಶಿಕ್ಷೆಯನ್ನು ವಿಧಿವತ್ತಾಗಿ ರದ್ದುಮಾಡಿಸುವ ದಾರಿಯನ್ನು ತೆರೆಯಲಿಲ್ಲ.

ತೂಕದ ಲೆಕ್ಕ

ಪುರಾವೆಯ ತೂಕವನ್ನು ಲೆಕ್ಕದಲ್ಲಿ ಹಿಡಿಯಬಹುದೇ? ಹದಿನೆಂಟನೆಯ ಶತಮಾನದ ಥಾಮಸ್ ಬೇಯ್ಸ್ ಅವರ ಹೆಸರಿನ ಪ್ರಮೇಯ ಇದಕ್ಕೆ ದಾರಿ ತೋರಿಸುತ್ತದೆ. ಒಂದು ಪುರಾವೆಯನ್ನು ತೂಗಲು ಎರಡು ಪ್ರಶ್ನೆ ಕೇಳಬೇಕು. ಆರೋಪಿ ಅಪರಾಧಿಯಾಗಿದ್ದರೆ ಈ ಪುರಾವೆ ಕಾಣಿಸುವ ಸಂಭವ ಎಷ್ಟು? ನಿರ್ದೋಷಿಯಾಗಿದ್ದರೆ ಎಷ್ಟು? ಈ ಎರಡರ ಅನುಪಾತವೇ ಅದರ ತೂಕ.

ಕೇವಲ ಉದಾಹರಣೆಗಾಗಿ ಕೆಲವು ಊಹೆಯ ಅಂಕಿಗಳನ್ನು ತೆಗೆದುಕೊಳ್ಳೋಣ. ಸಾಧಾರಣ ವಿಚಾರಣೆಯಲ್ಲಿ ನೂರು ಅಪರಾಧಿಗಳಲ್ಲಿ 50 ಜನ ಒಪ್ಪಿಕೊಳ್ಳುತ್ತಾರೆ, ನೂರು ನಿರ್ದೋಷಿಗಳಲ್ಲಿ 2 ಜನ ಒಪ್ಪಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಅನುಪಾತ 25. ಈಗ ನಿದ್ದೆಗೆಡಿಸಿ, ಹೆದರಿಸಿ, ಗಂಟೆಗಟ್ಟಲೆ ಕೂರಿಸಿ ಕೇಳಿದರೆ 80 ಅಪರಾಧಿಗಳೂ 20 ನಿರ್ದೋಷಿಗಳೂ ಒಪ್ಪಿಕೊಳ್ಳಬಹುದು. ತಪ್ಪೊಪ್ಪಿಗೆಗಳ ಸಂಖ್ಯೆ ಹೆಚ್ಚಿತು; ಅನುಪಾತ 25ರಿಂದ 4ಕ್ಕೆ ಇಳಿಯಿತು. ಒತ್ತಡ ಹಾಕಿದಷ್ಟೂ ತಪ್ಪೊಪ್ಪಿಗೆ ಸಿಗುವುದು ಸುಲಭ, ಆದರೆ ಸಿಕ್ಕಿದ್ದರ ಬೆಲೆ ಕಡಿಮೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಹೇಳಿಕೆಯ ಒಳಗಿನ ವಿವರಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆರೋಪಿಗೆ ಮೊದಲೇ ತಿಳಿಸಿದ ಸಂಗತಿಯನ್ನು ಅಪರಾಧಿಯೂ ಹೇಳಬಲ್ಲ, ನಿರ್ದೋಷಿಯೂ ಹೇಳಬಲ್ಲ. ಅನುಪಾತ 1, ಅಂದರೆ ಆ ವಿವರಕ್ಕೆ ತೂಕವೇ ಇಲ್ಲ. ಕೊಲೆಗಾರನಿಗೆ ಮಾತ್ರ ಗೊತ್ತಿರಬಲ್ಲ ಸಂಗತಿಯನ್ನು ನಿರ್ದೋಷಿ ಹೇಳುವುದು ಬಹಳ ಅಪರೂಪ. ಅಂಥ ಒಂದೇ ವಿವರ ಅನುಪಾತವನ್ನು ನೂರು ಪಟ್ಟು ಏರಿಸಬಲ್ಲದು. ಚರಂಡಿಯ ಕಥೆಯಂತೆ ಸುಳ್ಳಾದ ವಿವರವು ಅನುಪಾತವನ್ನು 1ಕ್ಕಿಂತ ಕೆಳಕ್ಕೆ ಎಳೆಯುತ್ತದೆ.

ನಿರ್ದೋಷಿ ಏಕೆ ಒಪ್ಪಿಕೊಳ್ಳುತ್ತಾನೆ ಎಂಬುದು ಈಗ ಊಹೆಯ ವಿಷಯವಾಗಿ ಉಳಿದಿಲ್ಲ. ಮನೋವಿಜ್ಞಾನಿ ಗಿಸ್ಲಿ ಗುಡ್‌ಜಾನ್ಸನ್ ಅವರು ಪ್ರಶ್ನಿಸುವವರ ಸೂಚನೆಗೆ ಒಬ್ಬ ವ್ಯಕ್ತಿ ಎಷ್ಟು ಸುಲಭವಾಗಿ ಒಳಗಾಗುತ್ತಾನೆಂದು ಅಳೆಯುವ ಮಾಪಕವನ್ನು 1984ರಲ್ಲಿ ಪ್ರಕಟಿಸಿದರು. ಡಿಎನ್‌ಎ ಬೆರಳಚ್ಚು ವಿಧಾನವನ್ನು ಕಂಡುಹಿಡಿದ ಅಲೆಕ್ ಜೆಫ್ರೀಸ್ ಅವರ ಪರೀಕ್ಷೆ ಕೊಲೆ ತನಿಖೆಯಲ್ಲಿ ಮೊದಲು ಬಳಕೆಯಾದದ್ದು 1986ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ. ಇಬ್ಬರು ಬಾಲಕಿಯರ ಕೊಲೆಗಳಲ್ಲಿ ಒಂದನ್ನು 17 ವರ್ಷದ ಹುಡುಗನೊಬ್ಬ ಒಪ್ಪಿಕೊಂಡಿದ್ದ. ಪರೀಕ್ಷೆ ಅವನಲ್ಲವೆಂದಿತು, ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಕೊಲೆ ತನಿಖೆಯಲ್ಲಿ ಆ ವಿಧಾನದ ಮೊದಲ ಸಾಧನೆ ಒಂದು ಸುಳ್ಳು ತಪ್ಪೊಪ್ಪಿಗೆಯನ್ನು ಬಯಲುಮಾಡಿ ನಿರ್ದೋಷಿಯನ್ನು ಬಿಡಿಸಿದ್ದು ಎಂಬುದನ್ನು ನಾವು ಮರೆಯಬಾರದು.

ನಮ್ಮಲ್ಲಿ

ಭಾರತದ ಕಾನೂನು ಈ ವಿಷಯದಲ್ಲಿ ಬಹಳ ಹಿಂದೆಯೇ ಎಚ್ಚರ ವಹಿಸಿತ್ತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೇ ಪ್ರಕರಣದಂತೆ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿರಲಿಲ್ಲ. 27ನೇ ಪ್ರಕರಣ ಒಂದು ವಿನಾಯಿತಿಯನ್ನು ಕೊಟ್ಟಿತ್ತು. ಪೊಲೀಸರ ವಶದಲ್ಲಿರುವ ಆರೋಪಿ ಹೇಳಿದ ಮಾಹಿತಿಯಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟ ಮಾತಿನಷ್ಟನ್ನು ಮಾತ್ರ ಸಾಕ್ಷ್ಯವಾಗಿ ಪರಿಗಣಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಪ್ರಕರಣದಲ್ಲಿ ಇವೇ ನಿಯಮಗಳು ಒಟ್ಟಿಗೆ ಸೇರಿವೆ. ನಾವು ಮೇಲೆ ಕೇಳಿದ "ಹೊಸದೇನು ತಿಳಿಯಿತು?" ಎಂಬ ಪ್ರಶ್ನೆಯೇ ಇಲ್ಲಿ ಕಾನೂನಿನ ಭಾಷೆಯಲ್ಲಿದೆ, ಅಲ್ಲವೇ? ಎವಾನ್ಸ್‌ನ ನಾಲ್ಕನೆಯ ಹೇಳಿಕೆ ಈ ಜರಡಿಯಲ್ಲಿ ದಾಟುತ್ತಿರಲಿಲ್ಲ.

ನಿಯಮವಿದ್ದ ಮಾತ್ರಕ್ಕೆ ಅಪಾಯ ತಪ್ಪಿತೆಂದಲ್ಲ. ಯಂತ್ರವೋ ಔಷಧವೋ ನಿಜವನ್ನು ಹೊರಡಿಸಿಬಿಡುತ್ತದೆಂಬ ಆಸೆ ಹೊಸ ರೂಪದಲ್ಲಿ ಬರುತ್ತಲೇ ಇರುತ್ತದೆ. 2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಮಂಪರಿನಲ್ಲಿ ಸುಳ್ಳು ಹೇಳಲು ಬೇಕಾದ ಎಚ್ಚರ ಸಡಿಲವಾಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಆದರೆ ಅದೇ ಸ್ಥಿತಿಯಲ್ಲಿ ಕಲ್ಪನೆಯನ್ನೂ ಕೇಳಿದವರ ಸೂಚನೆಯನ್ನೂ ನೆನಪಿನಿಂದ ಬೇರ್ಪಡಿಸುವ ಶಕ್ತಿಯೂ ಸಡಿಲವಾಗುತ್ತದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ ಮತ್ತು ಮಿದುಳಿನ ವಿದ್ಯುತ್ ನಕ್ಷೆ ಇವನ್ನು ಯಾರ ಮೇಲೂ ಅವರ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲವೆಂದು ತೀರ್ಪಿತ್ತಿತು. ಒಪ್ಪಿಗೆಯಿಂದ ನಡೆಸಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಆಮೇಲೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು 27ನೇ ಪ್ರಕರಣದಂತೆ ಪರಿಗಣಿಸಬಹುದು ಎಂದಿತು.

ಈ ವಿನಾಯಿತಿಯನ್ನೂ ಕುರುಡಾಗಿ ನಂಬುವಂತಿಲ್ಲ. ಮೊದಲೇ ಪತ್ತೆಯಾದ ಚಾಕುವನ್ನು ಆರೋಪಿಯೇ ತೋರಿಸಿದನೆಂದು ಪಂಚನಾಮೆ ಬರೆದರೆ ಜರಡಿಯೇ ತೂತುಬಿದ್ದಂತೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ದಾಖಲೆ ನಂಬಲರ್ಹವಾಗಿರಬೇಕು. ಇಂಗ್ಲೆಂಡ್ 1984ರ ಕಾನೂನಿನ ನಂತರ ಠಾಣೆಯ ವಿಚಾರಣೆಯನ್ನು ಧ್ವನಿಮುದ್ರಿಸಲು ತೊಡಗಿತು. ನಮ್ಮಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಪೊಲೀಸ್ ಠಾಣೆಗಳಲ್ಲಿಯೂ ಸಿಸಿಟಿವಿ ಕ್ಯಾಮೆರಾಗಳಿರಬೇಕೆಂದು ಆದೇಶಿಸಿತು. ಇವು ಆರೋಪಿಯ ಹಕ್ಕನ್ನು ಕಾಯುವುದರ ಜೊತೆಗೆ ಪುರಾವೆಯ ಗುಣಮಟ್ಟವನ್ನೂ ಕಾಯುತ್ತವೆ. ಮುದ್ರಿತ ವಿಚಾರಣೆಯಿಂದ ಬಂದ ನಿಜವಾದ ತಪ್ಪೊಪ್ಪಿಗೆಗೆ ತೂಕ ಹೆಚ್ಚು, ಆದ್ದರಿಂದ ಪ್ರಾಮಾಣಿಕ ಪೊಲೀಸರಿಗೂ ಇದರಿಂದ ಲಾಭವೇ.

ತರಗತಿಯಲ್ಲಿ ಒಂದು ಚಟುವಟಿಕೆ

ಶಿಕ್ಷಕರಾದ ನೀವು ಈ ಪ್ರಕರಣವನ್ನು ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಬಳಸಬಹುದು. ಕೊನೆಯನ್ನು ಹೇಳದೆ ನಾಲ್ಕು ಹೇಳಿಕೆಗಳ ಸಾರಾಂಶವನ್ನಷ್ಟೇ ಕೊಡಿ. ವಿದ್ಯಾರ್ಥಿಗಳು ಮೂರು ಕಲಮುಗಳ ಕೋಷ್ಟಕ ಹಾಕಲಿ: ಹೇಳಿದ ಸಂಗತಿ, ಅದು ಆಗ ಯಾರಿಗೆಲ್ಲ ಗೊತ್ತಿತ್ತು, ಅದನ್ನು ಬೇರೆ ದಾರಿಯಿಂದ ಪರೀಕ್ಷಿಸಲಾಯಿತೇ. ಹಲವರು ಮೊದಲು "ಅವನೇ ಒಪ್ಪಿಕೊಂಡನಲ್ಲ ಸಾರ್!" ಎನ್ನುತ್ತಾರೆ. ಆ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದಿಡಿ. ಕೋಷ್ಟಕ ತುಂಬಿದ ಮೇಲೆ ಮತ್ತೆ ಅದೇ ಮಾತಿಗೆ ಬನ್ನಿ. ನಾಲ್ಕನೆಯ ಹೇಳಿಕೆಯ ಎದುರು ಮೂರನೆಯ ಕಲಮು ಹೆಚ್ಚು ಕಡಿಮೆ ಖಾಲಿ ಉಳಿದಿರುವುದನ್ನು ಅವರೇ ಕಂಡುಕೊಳ್ಳುತ್ತಾರೆ.

ನಾಳೆ ಅವರಲ್ಲಿ ಒಬ್ಬರು ಪೊಲೀಸ್ ಅಧಿಕಾರಿಯಾಗಬಹುದು, ಒಬ್ಬರು ನ್ಯಾಯಾಧೀಶರಾಗಬಹುದು. ಉಳಿದವರು ಪತ್ರಿಕೆಯಲ್ಲಿ "ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಎಂಬ ಸುದ್ದಿಯನ್ನು ಓದುವವರಂತೂ ಆಗಿಯೇ ಆಗುತ್ತಾರೆ. ಆಗ ಅವರಿಗೆ ಸರಳ ಲೋಲಕದ ಆ ರೆಕಾರ್ಡ್ ಪುಸ್ತಕ ನೆನಪಾಗಿ, ವಾಚನಗಳ ಕೋಷ್ಟಕ ಎಲ್ಲಿ ಎಂದು ಕೇಳಿದರೆ ನಿಮ್ಮ ಪಾಠ ಸಾರ್ಥಕ.